ಮಗಳಿಗೆ ಎಂಬಿಬಿಎಸ್ ಆಸೆ: ನೀಟ್ ಅರ್ಜಿಯಿಂದ ಸೀಟು ಸೇರುವವರೆಗೆ ಕೊಡಗಿನ ಪಾಲಕರು ಏನೇನು ನೋಡಿಕೊಳ್ಳಬೇಕು?

ಕಿತ್ತಳೆತೋಟ, ಸಿದ್ದಾಪುರ

ಮಗಳು ಎರಡನೇ ಪಿಯುಸಿ, ಪಿಸಿಎಂಬಿ. ಓದು ಅವಳದು, ಅದರಲ್ಲಿ ನಾವು ಕೈಹಾಕುವುದಿಲ್ಲ. ಅರ್ಜಿ, ಸರ್ಟಿಫಿಕೇಟು, ಕೌನ್ಸೆಲಿಂಗ್, ದುಡ್ಡು ಇವೆಲ್ಲ ನಮ್ಮ ಪಾಲಿನವು. ಹತ್ತನೇ ಕ್ಲಾಸಿನವರೆಗೂ ಹಳ್ಳಿ ಶಾಲೆ, ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ 3ಎ. ಯಾವ ಕೆಲಸ ಯಾವಾಗ ಮುಗಿಸಬೇಕು, ಎಲ್ಲಿ ಎಡವುತ್ತಾರೆ ಎಂದು ಗೊತ್ತಿರುವವರು ಬಿಡಿಸಿ ಹೇಳಿ. ಇನ್ನೊಂದು ಪ್ರಶ್ನೆ: ಮಡಿಕೇರಿ ಮೆಡಿಕಲ್ ಕಾಲೇಜಿನಲ್ಲಿ ಕೊಡಗಿನ ಮಕ್ಕಳಿಗೆ ಅಂತ ಸೀಟು ಇಟ್ಟಿದ್ದಾರಾ?

ಬ್ರಹ್ಮಗಿರಿ

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಇಲ್ಲ. ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆ 2016ರಲ್ಲಿ ಶುರುವಾಯಿತು, ಎಂಬಿಬಿಎಸ್‌ಗೆ 150 ಸೀಟು. ಅದರಲ್ಲಿ ಶೇ. 15, ಅಂದರೆ ಇಪ್ಪತ್ತೆರಡು-ಇಪ್ಪತ್ಮೂರು ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ಉಳಿದವನ್ನು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಇಡೀ ರಾಜ್ಯದ ಮಕ್ಕಳಿಗೆ ರ‍್ಯಾಂಕ್ ಮೇಲೆ ಹಂಚುತ್ತದೆ. ಜಿಲ್ಲೆಯ ಲೆಕ್ಕದಲ್ಲಿ ಮೀಸಲು ಇರುವುದು ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದವರಿಗೆ ಮಾತ್ರ. ಮನೆ ಪಕ್ಕದ ಕಾಲೇಜು ಅಂತ ಅದೊಂದನ್ನೇ ನಂಬಿ ಕೂರಬೇಡಿ.

ಹಾರಂಗಿ ಸೈಬರ್, ಕುಶಾಲನಗರ

ಅರ್ಜಿ ತುಂಬುವ ಬಗ್ಗೆ ನಾನು ಬರೆಯುತ್ತೇನೆ, ದಿನಾ ಅದೇ ಕೆಲಸ.

ನೀಟ್ ಅರ್ಜಿಯಲ್ಲಿ ಕೊಡುವ ಮೊಬೈಲ್ ನಂಬರ್ ಮತ್ತು ಇಮೇಲ್ ಮನೆಯವರದ್ದೇ ಆಗಿರಲಿ. ಸೈಬರ್ ಅಂಗಡಿಯವರದ್ದು, ಪರಿಚಯದ ಹುಡುಗನದ್ದು ಖಂಡಿತ ಬೇಡ. ತಿದ್ದುಪಡಿಗೆ ಅವಕಾಶ ಕೊಟ್ಟಾಗಲೂ ಇವೆರಡನ್ನು ಬದಲಿಸಲು ಬಿಡುವುದಿಲ್ಲ, ಆಮೇಲೆ ಬರುವ ಒಟಿಪಿ ಎಲ್ಲ ಅಲ್ಲಿಗೇ ಹೋಗುತ್ತದೆ. ಮನೆ ಹತ್ತಿರ ಯಾವ ಕಂಪನಿಯ ಸಿಗ್ನಲ್ ಗಟ್ಟಿಯೋ ಆ ಸಿಮ್ ಕೊಡಿ. ಮುಂದಿನ ಅಕ್ಟೋಬರ್‌ವರೆಗೂ ರೀಚಾರ್ಜ್ ತಪ್ಪಿಸಬೇಡಿ.

ಫೋಟೋ ಬಿಳಿ ಹಿನ್ನೆಲೆಯದು, ಎರಡೂ ಕಿವಿ ಕಾಣಬೇಕು. ಪಾಸ್‌ಪೋರ್ಟ್ ಸೈಜ್‌ನ ಜೊತೆ 4×6 ಇಂಚಿನ ಪೋಸ್ಟ್‌ಕಾರ್ಡ್ ಸೈಜ್‌ನದೂ ಬೇಕು. ಒಂದೇ ಸಲ ತೆಗೆಸಿ, ಪಾಸ್‌ಪೋರ್ಟ್ ಸೈಜ್ ಹದಿನೈದಿಪ್ಪತ್ತು, ದೊಡ್ಡದು ನಾಲ್ಕೈದು ಪ್ರತಿ ಹಾಕಿಸಿ. ಅರ್ಜಿಗೆ ಹಾಕಿದ ಫೋಟೋನೇ ಪರೀಕ್ಷೆ ದಿನಕ್ಕೂ ಸೀಟು ಸೇರುವಾಗಲೂ ಬೇಕು. ಬೆರಳಚ್ಚು ತೆಗೆಯುವಾಗ ಶಾಯಿ ಜಾಸ್ತಿಯಾದರೆ ಗೆರೆ ಮುಚ್ಚಿಹೋಗುತ್ತವೆ. ಸ್ಟ್ಯಾಂಪ್ ಪ್ಯಾಡ್ ಮೇಲೆ ಹಗುರವಾಗಿ ಒತ್ತಿ, ಮೊದಲ ಅಚ್ಚನ್ನು ರದ್ದಿ ಕಾಗದಕ್ಕೆ ಬಿಟ್ಟು, ಎರಡನೆಯದನ್ನು ಸ್ಕ್ಯಾನ್ ಮಾಡಿ.

2025ರಲ್ಲಿ ಶುಲ್ಕ ಸಾಮಾನ್ಯ ವರ್ಗಕ್ಕೆ 1700 ರೂ., ಕೇಂದ್ರದ ಒಬಿಸಿ ಮತ್ತು ಇಡಬ್ಲ್ಯುಎಸ್‌ಗೆ (ಆರ್ಥಿಕವಾಗಿ ಹಿಂದುಳಿದವರಿಗೆ) 1600, ಪರಿಶಿಷ್ಟರಿಗೆ ಮತ್ತು ಅಂಗವಿಕಲರಿಗೆ 1000 ಇತ್ತು. ಪ್ರಶ್ನೆಪತ್ರಿಕೆಯ ಭಾಷೆಯಲ್ಲಿ ಕನ್ನಡವೂ ಇದೆ. ಪಿಯು ಇಂಗ್ಲಿಷ್‌ನಲ್ಲಿ ಓದಿದವರು ಕನ್ನಡ ಆರಿಸಿಕೊಂಡರೆ ಪಾರಿಭಾಷಿಕ ಪದಗಳಲ್ಲೇ ಹೊತ್ತು ಕಳೆಯುತ್ತದೆ. ಇದನ್ನು ಮಗುವೇ ತೀರ್ಮಾನಿಸಲಿ.

ಕೊಡಗಿನ ಅರ್ಜಿಗಳಲ್ಲಿ ಅತಿ ಹೆಚ್ಚು ಕಾಣುವ ತೊಂದರೆ ಹೆಸರಿನದು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಮನೆಹೆಸರಿಗೆ ಬರೀ ಇನಿಷಿಯಲ್ ಇರುತ್ತದೆ, ಆಧಾರ್‌ನಲ್ಲಿ ಮನೆಹೆಸರು ಪೂರ್ತಿ, ಜಾತಿ ಪ್ರಮಾಣಪತ್ರದಲ್ಲಿ ಅದು ಹೆಸರಿನ ಹಿಂದಕ್ಕೆ ಹೋಗಿರುತ್ತದೆ. ಎಸ್ಸೆಸ್ಸೆಲ್ಸಿ ಕಾರ್ಡನ್ನೇ ಮೂಲ ಅಂತ ಇಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸಿ. ಆಧಾರ್ ತಿದ್ದುವುದು ಸುಲಭ, ಎಸ್ಸೆಸ್ಸೆಲ್ಸಿ ಕಾರ್ಡ್ ತಿದ್ದಿಸಲು ಶಾಲೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಮಂಡಳಿ ಅಂತ ತಿಂಗಳುಗಟ್ಟಲೆ ಅಲೆಯಬೇಕು. ಅರ್ಜಿ ಕರೆಯುವ ಮುಂಚೆಯೇ ಇದನ್ನು ಮುಗಿಸಿ.

ಕಕ್ಕಡ

ಸಿಇಟಿ ಅರ್ಜಿಯನ್ನೂ ಹಾಕಿಸಿ ಮೇಡಂ, ವೈದ್ಯಕೀಯ ಮಾತ್ರ ಸಾಕು ಅನ್ನುವವರೂ ಸಹ. ಕೆಇಎ ಮುಂದೆ ನೀಟ್ ರೋಲ್ ನಂಬರ್ ಸೇರಿಸಿಕೊಳ್ಳುವುದು ಅದೇ ಅರ್ಜಿಗೆ. ಪಶುವೈದ್ಯಕೀಯದ ರಾಜ್ಯದ ಸೀಟಿಗೂ ಪೊನ್ನಂಪೇಟೆ ಅರಣ್ಯ ಕಾಲೇಜಿಗೂ ಸಿಇಟಿ ರ‍್ಯಾಂಕೇ ಬೇಕು.

ಶಿರಸ್ತೇದಾರ್, ನಿವೃತ್ತ

ಪ್ರಮಾಣಪತ್ರಗಳ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅಂಕ ಬಂದೂ ಸೀಟು ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ರಾಜ್ಯದ ಕೋಟಾಕ್ಕೆ 3ಎ ಅಂದರೆ ನಮೂನೆ ಎಫ್‌ನಲ್ಲಿ ತಹಶೀಲ್ದಾರರು ಕೊಟ್ಟ ಜಾತಿ-ಆದಾಯ ಪ್ರಮಾಣಪತ್ರ. ಪ್ರವರ್ಗ 1ಕ್ಕೆ ನಮೂನೆ ಇ, ಪರಿಶಿಷ್ಟ ಜಾತಿ-ಪಂಗಡಕ್ಕೆ ನಮೂನೆ ಡಿ. ಜೇನುಕುರುಬ, ಯರವ ಮಕ್ಕಳಿಗೆ ಡಿ ನಮೂನೆಯದೇ ಬೇಕು, ಹಾಡಿಯ ವಾಸದ ಪತ್ರ ಇದ್ದರೆ ಸಾಲದು. ಅರ್ಜಿ ನಾಡಕಚೇರಿಯಲ್ಲಿ ಕೊಡಿ, ಪತ್ರ ಮಗುವಿನ ಹೆಸರಲ್ಲೇ ಇರಬೇಕು, ತಂದೆಯ ಹೆಸರಿನದು ನಡೆಯುವುದಿಲ್ಲ. ಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಕೆಇಎ ಅರ್ಜಿಯಲ್ಲಿ ಹಾಕಿದ ಕೂಡಲೇ ಕಂದಾಯ ಇಲಾಖೆಯ ದಾಖಲೆಯಿಂದ ಹೆಸರು, ಜಾತಿ, ಆದಾಯ ತಾನಾಗಿ ಬರುತ್ತದೆ. ಅಲ್ಲಿ ಬಂದ ಹೆಸರು ಬೇರೆ ಇದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಹಳೆಯ ಪತ್ರವಿದ್ದರೆ ಅವಧಿ ಮುಗಿದಿದೆಯೇ ನೋಡಿ, ಮುಗಿದಿದ್ದರೆ ಡಿಸೆಂಬರ್‌ನೊಳಗೆ ಹೊಸದು ಮಾಡಿಸಿ. ಪೊನ್ನಂಪೇಟೆ, ಕುಶಾಲನಗರ ಬೇರೆ ತಾಲ್ಲೂಕಾದ ಮೇಲೆ ಕೆಲವರು ಇನ್ನೂ ಹಳೆಯ ತಾಲ್ಲೂಕು ಕಚೇರಿಗೆ ಹೋಗಿ ದಿನ ಹಾಳುಮಾಡಿಕೊಳ್ಳುತ್ತಾರೆ. ಈಗ ನಿಮ್ಮ ಹೋಬಳಿ ಯಾವ ತಾಲ್ಲೂಕಿಗೆ ಸೇರಿದೆ ಎಂದು ಕೇಳಿಕೊಂಡು ಹೋಗಿ.

ಕೇಂದ್ರದ ಪಟ್ಟಿ ಇದಕ್ಕಿಂತ ಪೂರ್ತಿ ಬೇರೆ. ರಾಜ್ಯದಲ್ಲಿ 3ಎ ಇದ್ದ ಮಾತ್ರಕ್ಕೆ ನೀಟ್ ಅರ್ಜಿಯಲ್ಲಿ ಒಬಿಸಿ ಎಂದು ಗುರುತು ಹಾಕಬೇಡಿ. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿಯ ಹೆಸರು ಇದ್ದರಷ್ಟೇ ಅದು ನಿಮ್ಮದು. ಇದ್ದವರು ಆಯಾ ಹಣಕಾಸು ವರ್ಷದ ಪ್ರಮಾಣಪತ್ರವನ್ನೇ ತರಬೇಕು. ಕೆನೆಪದರದ (ಆದಾಯ ಹೆಚ್ಚಿರುವುದರಿಂದ ಮೀಸಲು ಸಿಗದವರ) ಮಿತಿ ಎಂಟು ಲಕ್ಷ. ಇಲ್ಲಿ ತೋಟದವರು ಗಮನಿಸಬೇಕಾದ್ದು: 1993ರ ಕೇಂದ್ರ ಆದೇಶದಲ್ಲಿ ಗದ್ದೆಯ ಬೇಸಾಯಕ್ಕೆ ಒಂದು ಲೆಕ್ಕ, ಕಾಫಿ-ಟೀ-ರಬ್ಬರ್ ತೋಟಕ್ಕೆ ಇನ್ನೊಂದು. ತೋಟಕ್ಕೆ ಆದಾಯ-ಆಸ್ತಿಯ ಪರೀಕ್ಷೆ ಅನ್ವಯವಾಗುತ್ತದೆ. "ಕೃಷಿ ಆದಾಯ ಸೇರಿಸುವುದಿಲ್ಲ" ಎಂದು ಯಾರೋ ಹೇಳಿದ್ದನ್ನು ನಂಬಿ ಕಾಫಿಯ ಆದಾಯ ಬಿಟ್ಟು ಬರೆದರೆ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತೀರಿ.

ಕೇಂದ್ರದ ಪಟ್ಟಿಯಲ್ಲಿ ಇಲ್ಲದವರು, ಎಂಟು ಲಕ್ಷದೊಳಗೆ ಆದಾಯ ಇದ್ದರೆ, ಅಖಿಲ ಭಾರತ ಕೋಟಾದಲ್ಲಿ ಇಡಬ್ಲ್ಯುಎಸ್ ಕೇಳಬಹುದು, ಅಲ್ಲಿ ಶೇ. 10 ಇದೆ. ಆದರೆ ಕುಟುಂಬಕ್ಕೆ ಐದು ಎಕರೆ ಅಥವಾ ಹೆಚ್ಚು ಕೃಷಿ ಜಮೀನು ಇದ್ದರೆ ಸಿಗುವುದಿಲ್ಲ.

ಇನ್ನು ಗ್ರಾಮೀಣ ಕೋಟಾ. ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು, ಒಂದು ವರ್ಷ ಪೇಟೆಯಲ್ಲಿ ಓದಿದ್ದರೂ ಹೋಯಿತು. ಮುಖ್ಯೋಪಾಧ್ಯಾಯರ ಸಹಿಯ ಮೇಲೆ ಬಿಇಒ ಮೇಲುಸಹಿ ಬೇಕು. ಮಗು ಎರಡು-ಮೂರು ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಯಿಂದಲೂ ಬೇರೆ ಬೇರೆ ಪತ್ರ. ಕನ್ನಡ ಮಾಧ್ಯಮದ ಶೇ. 5 ಕೋಟಾಕ್ಕೂ ಹೀಗೆಯೇ ಹತ್ತು ವರ್ಷ. ಗ್ರಾಮೀಣಕ್ಕೆ ಶೇ. 15. ಸಾಮಾನ್ಯ ವರ್ಗದಲ್ಲಿ ಗ್ರಾಮೀಣ ಕೇಳುವವರು ಕೆನೆಪದರಕ್ಕೆ ಸೇರಿಲ್ಲ ಎಂಬ ಪತ್ರ ಕೊಡಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಶಾಲೆ ಇರುವ ಊರು ಪಟ್ಟಣ ಪಂಚಾಯಿತಿಯೋ ಪುರಸಭೆಯೋ ಆಗಿ ಬದಲಾಗಿದ್ದರೆ, ಮಗು ಓದಿದ ವರ್ಷಗಳಲ್ಲಿ ಅದು ಯಾವ ವ್ಯಾಪ್ತಿಯಲ್ಲಿತ್ತು ಎಂದು ಬಿಇಒ ಕಚೇರಿಯಲ್ಲಿ ಮೊದಲೇ ಕೇಳಿ.

ಗಡಿನಾಡು, ಮಾಕುಟ್ಟ

ಸರ್, ಹತ್ತರವರೆಗೆ ಇಲ್ಲಿ ಓದಿ ಪಿಯುಗೆ ಕೇರಳಕ್ಕೆ ಹೋದವರ ಕಥೆ ಏನು?

ಶಿರಸ್ತೇದಾರ್, ನಿವೃತ್ತ

ತೊಂದರೆ ಇಲ್ಲ. ಒಂದನೇ ತರಗತಿಯಿಂದ ಹನ್ನೆರಡರವರೆಗೆ ಒಟ್ಟು ಏಳು ವರ್ಷ ಕರ್ನಾಟಕದಲ್ಲಿ ಓದಿ, ಹತ್ತು ಅಥವಾ ಹನ್ನೆರಡರಲ್ಲಿ ಒಂದನ್ನು ಇಲ್ಲೇ ಪಾಸಾಗಿದ್ದರೆ ರಾಜ್ಯದ ಸೀಟಿಗೆ ಅರ್ಹತೆ ಇದೆ. ಏಳು ವರ್ಷದ ವ್ಯಾಸಂಗ ಪತ್ರಕ್ಕೂ ಬಿಇಒ ಮೇಲುಸಹಿ ಮಾಡಿಸಿ. ಹೊರ ರಾಜ್ಯದ ಮಂಡಳಿಯವರು ಮೈಗ್ರೇಷನ್ ಸರ್ಟಿಫಿಕೇಟನ್ನು ಈಗಲೇ ತೆಗೆದಿಡಲಿ, ಕಾಲೇಜು ಸೇರುವ ದಿನ ಕೇಳುತ್ತಾರೆ.

ಕೂರ್ಗ್ ರೆಜಿಮೆಂಟ್ ಮನೆ

ಸೇನೆಯಲ್ಲಿ ಇರುವವರ, ನಿವೃತ್ತರಾದವರ ಮಕ್ಕಳಿಗೆ ವಿಶೇಷ ಪ್ರವರ್ಗ ಇದೆ. ತಂದೆ ಅಥವಾ ತಾಯಿ ಸೇವೆಗೆ ಸೇರಿದಾಗ ಸ್ವಂತ ಊರು ಕರ್ನಾಟಕ ಎಂದು ದಾಖಲಾಗಿರಬೇಕು. ಮಡಿಕೇರಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಕಚೇರಿಯಲ್ಲಿ ಬೇಕಾದ ಪತ್ರಗಳ ಪಟ್ಟಿ ಕೊಡುತ್ತಾರೆ. ಸೇವೆಯಲ್ಲಿರುವವರಿಗೆ ಘಟಕದಿಂದ ಪತ್ರ ಬರಬೇಕು, ಗಡಿಯಲ್ಲಿ ಇದ್ದರೆ ಅದಕ್ಕೇ ವಾರಗಟ್ಟಲೆ ಬೇಕಾಗುತ್ತದೆ. ವಿಶೇಷ ಪ್ರವರ್ಗದ ದಾಖಲೆ, ಎನ್‌ಸಿಸಿ ಮತ್ತು ಕ್ರೀಡೆಯದೂ ಸೇರಿ, ಕೆಇಎ ಹೇಳಿದ ದಿನ ಹೇಳಿದ ಜಾಗಕ್ಕೆ ಒಪ್ಪಿಸದಿದ್ದರೆ ಆ ಪ್ರವರ್ಗ ಅರ್ಜಿಯಿಂದ ಹೋಗುತ್ತದೆ. ಉಳಿದ ಅರ್ಜಿ ಮಾತ್ರ ಇರುತ್ತದೆ.

ಜೀವಶಾಸ್ತ್ರ ಉಪನ್ಯಾಸಕಿ

ಪರೀಕ್ಷೆಯ ಬಗ್ಗೆ. 2025ರ ಮಾದರಿಯಂತೆ 180 ಪ್ರಶ್ನೆ, 720 ಅಂಕ, ಮೂರು ಗಂಟೆ. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಸರಿಯುತ್ತರಕ್ಕೆ ನಾಲ್ಕು, ತಪ್ಪಿಗೆ ಒಂದು ಕಡಿತ. ಮೊದಲಿದ್ದ ಐಚ್ಛಿಕ ಪ್ರಶ್ನೆಗಳನ್ನು 2025ರಿಂದ ತೆಗೆದಿದ್ದಾರೆ. ಪೇಟೆಯಲ್ಲಿ ಸಿಗುವ ಹಳೆಯ ಮಾದರಿ ಪತ್ರಿಕೆಗಳಲ್ಲಿ 200 ಪ್ರಶ್ನೆ ಇರುತ್ತವೆ, ಅದರಲ್ಲಿ ಅಭ್ಯಾಸ ಮಾಡಿದರೆ ಸಮಯದ ಅಂದಾಜು ತಪ್ಪುತ್ತದೆ.

ಪರೀಕ್ಷೆ ಮಧ್ಯಾಹ್ನ ಎರಡರಿಂದ ಐದು. ಮನೆಯಲ್ಲಿ ಮಾದರಿ ಪರೀಕ್ಷೆ ಬರೆಸುವುದಾದರೆ ಅದೇ ಹೊತ್ತಿಗೆ ಬರೆಸಿ, ಊಟ ಹನ್ನೊಂದೂವರೆಗೆ ಮುಗಿಯಲಿ, ಹೊಟ್ಟೆಗೆ ಭಾರವಾಗುವಂಥದ್ದು ಬೇಡ. ಓಎಂಆರ್ ಉತ್ತರ ಹಾಳೆಯ ಜೆರಾಕ್ಸ್ ಇಟ್ಟುಕೊಂಡು ಗುಂಡು ತುಂಬುವುದನ್ನೂ ರೂಢಿ ಮಾಡಿಸಿ. ಪ್ರಶ್ನೆ ಬಿಡಿಸಿ ಕೊನೆಯಲ್ಲಿ ಒಟ್ಟಿಗೆ ತುಂಬುತ್ತೇನೆ ಅನ್ನುವ ಮಕ್ಕಳು ಸಾಲು ತಪ್ಪುತ್ತಾರೆ. ಒಂದು ಪುಟದ ಪ್ರಶ್ನೆ ಮುಗಿದ ತಕ್ಷಣ ಆ ಪುಟದ್ದನ್ನು ತುಂಬುವುದು ಒಳ್ಳೆಯದು. ಉತ್ತರ ಹಾಳೆ ಮತ್ತು ಪ್ರಶ್ನೆಪತ್ರಿಕೆಯ ಕೋಡ್ ಒಂದೇ ಇದೆಯಾ ಎಂದು ಬರೆಯುವ ಮೊದಲು ನೋಡಲು ಹೇಳಿ.

ನಮ್ಮ ಪಿಯು ವಿಜ್ಞಾನದ ಪುಸ್ತಕಗಳು ಎನ್‌ಸಿಇಆರ್‌ಟಿಯವೇ. ಜೀವಶಾಸ್ತ್ರಕ್ಕೆ ಆ ಪುಸ್ತಕವೇ ಬುನಾದಿ, ಚಿತ್ರದ ಕೆಳಗಿನ ಸಾಲನ್ನೂ ಬಿಡದೆ ಓದಬೇಕು. ಮಕ್ಕಳು ಹಿಂದೆ ಬೀಳುವುದು ಹೆಚ್ಚಾಗಿ ಭೌತಶಾಸ್ತ್ರದಲ್ಲಿ. ಕೋಚಿಂಗ್‌ಗೆ ಮೈಸೂರು-ಮಂಗಳೂರಿಗೆ ಕಳಿಸಲಾಗದವರು ಕೇಂದ್ರ ಶಿಕ್ಷಣ ಸಚಿವಾಲಯ ಮತ್ತು ಐಐಟಿ ಕಾನ್ಪುರದ ಸಾಥಿ ತಾಣವನ್ನು ನೋಡಿ, ಉಚಿತ.

ಪಿಯು ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸಬೇಡಿ. ಭೌತ-ರಸಾಯನ-ಜೀವ ಮೂರೂ ಸೇರಿ ಸಾಮಾನ್ಯ ವರ್ಗಕ್ಕೆ ಶೇ. 50, ಮೀಸಲು ವರ್ಗಕ್ಕೆ ಶೇ. 40 ಬೇಕೇ ಬೇಕು. ಇಂಗ್ಲಿಷ್ ಪಾಸಾಗಿರಬೇಕು. ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು.

ಮನೆಯವರಿಗೆ ಒಂದು ಮಾತು. ದಿನಾ "ಇವತ್ತು ಟೆಸ್ಟಲ್ಲಿ ಎಷ್ಟು ಬಂತು" ಎಂದು ಕೇಳುವ ಬದಲು ವಾರಕ್ಕೊಮ್ಮೆ ತಪ್ಪಿದ ಪ್ರಶ್ನೆಗಳ ಪಟ್ಟಿ ನೋಡಿ: ಗೊತ್ತಿಲ್ಲದೆ ತಪ್ಪಿದ್ದು, ಗೊತ್ತಿದ್ದೂ ಅವಸರದಲ್ಲಿ ತಪ್ಪಿದ್ದು, ಊಹಿಸಿ ತಪ್ಪಿದ್ದು. ಮೂರಕ್ಕೂ ಮದ್ದು ಬೇರೆ ಬೇರೆ. ನೆಂಟರ ಮಕ್ಕಳ ಅಂಕದ ಸುದ್ದಿ ಊಟದ ಹೊತ್ತಿಗೆ ಬೇಡವೇ ಬೇಡ. ಮಗು ನಿದ್ದೆಬಿಟ್ಟು, ಊಟಬಿಟ್ಟು, ಮಾತುಬಿಟ್ಟು ಕೂತರೆ ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ. ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ಖರ್ಚಿಲ್ಲ.

ಕಿತ್ತಳೆತೋಟ, ಸಿದ್ದಾಪುರ

ತುಂಬ ಉಪಕಾರ ಆಯಿತು. ಪರೀಕ್ಷೆ ದಿನಕ್ಕೆ ಏನು ಗಮನಿಸಬೇಕು?

ಹಾರಂಗಿ ಸೈಬರ್, ಕುಶಾಲನಗರ

ಅಕ್ಕ, ಗೇಟು ಒಂದೂವರೆಗೆ ಮುಚ್ಚುತ್ತದೆ, ಒಂದು ನಿಮಿಷ ತಡವಾದರೂ ಬಿಡುವುದಿಲ್ಲ. ಬೇರೆ ಊರಿನ ಕೇಂದ್ರ ಬಂದರೆ ಹಿಂದಿನ ದಿನವೇ ಹೋಗಿ ಉಳಿಯಿರಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಭಾನುವಾರ ಕುಶಾಲನಗರದಲ್ಲಿ ಪ್ರವಾಸಿಗರ ಗಾಡಿ ಸಾಲುಗಟ್ಟಿ ನಿಲ್ಲುತ್ತದೆ. ತುಂಬು ತೋಳಿನ ಬಟ್ಟೆ ಬೇಡ, ಶೂ ಬೇಡ, ಚಪ್ಪಲಿ ಸಾಕು. ಓಲೆ, ಸರ, ಬಳೆ, ಲೋಹದ ಕ್ಲಿಪ್ ಎಲ್ಲ ಮನೆಯಲ್ಲೇ ಬಿಡಲಿ. ಹಿಜಾಬ್ ಅಥವಾ ಸಂಪ್ರದಾಯದ ಉಡುಪಿನವರು ತಪಾಸಣೆಗೆ ಬೇಗ ಹೋಗಬೇಕು. ಪ್ರವೇಶಪತ್ರ, ಅದರ ಜೊತೆಯ ಹಾಳೆಗೆ ಅಂಟಿಸಿದ ಪೋಸ್ಟ್‌ಕಾರ್ಡ್ ಫೋಟೋ, ಒಂದು ಪಾಸ್‌ಪೋರ್ಟ್ ಫೋಟೋ, ಮೂಲ ಆಧಾರ್, ಪಾರದರ್ಶಕ ನೀರಿನ ಬಾಟಲಿ, ಇಷ್ಟೇ. ಪೆನ್ನು ಅಲ್ಲೇ ಕೊಡುತ್ತಾರೆ. ಪ್ರವೇಶಪತ್ರವನ್ನು ಆಮೇಲೆ ಎಸೆಯಬೇಡಿ, ಸೀಟು ಸೇರುವಾಗಲೂ ಬೇಕು.

ಪರೀಕ್ಷೆಯಾದ ಮೇಲೆ ಓಎಂಆರ್ ಪ್ರತಿ ಮತ್ತು ಉತ್ತರಸೂಚಿ ಹಾಕುತ್ತಾರೆ. ಉತ್ತರಸೂಚಿಯ ಪ್ರಶ್ನೆಯೊಂದಕ್ಕೆ ಆಕ್ಷೇಪಣೆ ಶುಲ್ಕ 200 ರೂ., ವಾಪಸ್ ಬರುವುದಿಲ್ಲ.

ಎಂಬಿಬಿಎಸ್ ಎರಡನೇ ವರ್ಷ

ಕೌನ್ಸೆಲಿಂಗ್ ಬಗ್ಗೆ ನಾನು ಬರೆಯುತ್ತೇನೆ ಆಂಟಿ.

ಮೊದಲನೆಯದು, ಅಂಕ ನೋಡಬೇಡಿ, ಅಖಿಲ ಭಾರತ ರ‍್ಯಾಂಕ್ ನೋಡಿ. 2024ರ ಪರಿಷ್ಕೃತ ಫಲಿತಾಂಶದಲ್ಲಿ 17 ಜನಕ್ಕೆ 720ಕ್ಕೆ 720 ಬಂದಿತ್ತು, 2025ರಲ್ಲಿ ದೇಶಕ್ಕೇ ಮೊದಲು ಬಂದವರ ಅಂಕ 686. ಹೋದ ವರ್ಷದ ಅಂಕ ಹಿಡಿದು ಈ ವರ್ಷದ ಸೀಟು ಅಂದಾಜು ಮಾಡಿದರೆ ಲೆಕ್ಕ ತಪ್ಪುತ್ತದೆ. ಕೆಇಎ ತಾಣದಲ್ಲಿ ಹಿಂದಿನ ವರ್ಷಗಳ ಕಟಾಫ್ ಪಟ್ಟಿ ಇರುತ್ತದೆ. ಅದರಲ್ಲಿ ನಿಮ್ಮ ಮಗಳು ನೋಡಬೇಕಾದ್ದು ನಾಲ್ಕು ಕಂಬಸಾಲು: ಜಿಎಂ, ಜಿಎಂಆರ್, 3ಎಜಿ, 3ಎಆರ್. ಜಿಎಂ ಅಂದರೆ ಸಾಮಾನ್ಯ ವರ್ಗ, ಕೊನೆಯ ಆರ್ ಅಂದರೆ ಗ್ರಾಮೀಣ, ಕೆ ಇದ್ದರೆ ಕನ್ನಡ ಮಾಧ್ಯಮ. ಮೊದಲ ಸುತ್ತಿನದನ್ನು ಮಾತ್ರ ನೋಡಿ ಕೈಬಿಡಬೇಡಿ, ಕೊನೆಯ ಸುತ್ತಿನದನ್ನೂ ನೋಡಿ. ಎರಡಕ್ಕೂ ಬಹಳ ಅಂತರ ಇರುತ್ತದೆ.

ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳನ್ನು ಸಾಲಾಗಿ ತುಂಬುವ ಪಟ್ಟಿಯಲ್ಲಿ, ಕಂಪ್ಯೂಟರ್ ಮೇಲಿನಿಂದ ಕೆಳಗೆ ನೋಡಿಕೊಂಡು ಬರುತ್ತದೆ, ನಿಮ್ಮ ರ‍್ಯಾಂಕಿಗೆ ಮೊದಲು ಸಿಕ್ಕಿದ್ದನ್ನು ಕೊಡುತ್ತದೆ. ಸಿಗುವುದಿಲ್ಲ ಅನಿಸಿದ ಒಳ್ಳೆಯ ಕಾಲೇಜನ್ನು ಮೇಲೆ ಹಾಕಿದರೆ ನಷ್ಟ ಏನೂ ಇಲ್ಲ. ನಷ್ಟ ಆಗುವುದು ಉಲ್ಟಾ ಮಾಡಿದಾಗ. ಖಾಸಗಿ ಕಾಲೇಜಿನ ಜಿ ಸೀಟು (ಸರ್ಕಾರಿ ಕೋಟಾ), ಪಿ ಸೀಟು (ಖಾಸಗಿ ಕೋಟಾ) ಬೇರೆ ಬೇರೆ ಸಾಲಿನಲ್ಲಿ ಬರುತ್ತವೆ. ಹೆಸರು ಒಂದೇ, ಶುಲ್ಕಕ್ಕೆ ಅಜಗಜಾಂತರ. ಸರ್ಕಾರಿ ಕಾಲೇಜಿಗೆ ವರ್ಷಕ್ಕೆ ಅರವತ್ತು ಸಾವಿರದ ಆಸುಪಾಸು, ಖಾಸಗಿಯ ಜಿ ಸೀಟಿಗೆ ಒಂದೂವರೆ ಲಕ್ಷದ ಆಸುಪಾಸು, ಪಿ ಸೀಟು ಹತ್ತು ಲಕ್ಷ ಮೀರುತ್ತದೆ. ಹೆಸರು ನೋಡಿ ಪಿ ಸೀಟನ್ನು ಸರ್ಕಾರಿ ಕಾಲೇಜಿಗಿಂತ ಮೇಲೆ ಹಾಕಿದರೆ ಅದೇ ಸಿಗುತ್ತದೆ, ಕೆಳಗಿನ ಸರ್ಕಾರಿ ಸೀಟು ಮುಂದಿನವರಿಗೆ ಹೋಗುತ್ತದೆ. ಪಟ್ಟಿಯನ್ನು ಮೊದಲು ಕಾಗದದ ಮೇಲೆ ಬರೆಯಿರಿ, ಪ್ರತಿ ಸಾಲಿನ ಮುಂದೆ ಶುಲ್ಕ ಬರೆಯಿರಿ, ಕಟ್ಟಲಾಗದ ಸಾಲನ್ನು ಹೊಡೆದುಹಾಕಿ, ಆಮೇಲೆ ಕಂಪ್ಯೂಟರ್ ಮುಂದೆ ಕೂರಿ. ಅಣಕು ಹಂಚಿಕೆ (ನಿಜವಾದ ಹಂಚಿಕೆಗೆ ಮುಂಚಿನ ಪ್ರಾಯೋಗಿಕ ಪಟ್ಟಿ) ಬಂದ ಮೇಲೆ ತಿದ್ದಲು ಸಮಯ ಇರುತ್ತದೆ. ಮುಂದಿನ ಸುತ್ತುಗಳಲ್ಲಿ ಹೊಸ ಕಾಲೇಜು ಸೇರಿಸಲು ಎಲ್ಲ ಸಲವೂ ಬಿಡುವುದಿಲ್ಲ, ಹಾಗಾಗಿ ಮೊದಲ ಸಲವೇ ಸೇರಲು ಒಪ್ಪುವ ಎಲ್ಲ ಕಾಲೇಜನ್ನೂ ಹಾಕಿಬಿಡಿ.

ಸೀಟು ಸಿಕ್ಕ ಮೇಲಿನ ಆಯ್ಕೆಗಳು ಸಾಮಾನ್ಯವಾಗಿ ಹೀಗೆ: ಒಂದು, ಒಪ್ಪಿ ಸೇರುವುದು. ಎರಡು, ಇದನ್ನು ಇಟ್ಟುಕೊಂಡು ಮೇಲಿನದಕ್ಕೆ ಕಾಯುವುದು. ಮೂರು, ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ ಅನ್ನುವುದು. ಎರಡನ್ನು ಆರಿಸಿ ಮೇಲಿನ ಸೀಟು ಸಿಕ್ಕರೆ ಹಳೆಯದು ತಾನಾಗಿ ರದ್ದಾಗುತ್ತದೆ, ವಾಪಸ್ ಕೇಳಲು ಆಗುವುದಿಲ್ಲ. ಹಾಗಾಗಿ ಸಿಕ್ಕ ಸೀಟಿಗಿಂತ ಮೇಲೆ ನಿಜಕ್ಕೂ ಬೇಕಾದದ್ದನ್ನಷ್ಟೇ ಉಳಿಸಿ. ಪ್ರತಿ ವರ್ಷ ಸುತ್ತಿನ ನಿಯಮ ಸ್ವಲ್ಪ ಬದಲಾಗುತ್ತದೆ, ಆ ವರ್ಷದ ಕೆಇಎ ಪ್ರಕಟಣೆಯನ್ನು ಪ್ರಿಂಟ್ ತೆಗೆದು ಗೆರೆ ಹಾಕಿಕೊಂಡು ಓದಿ.

ಅಖಿಲ ಭಾರತ ಕೋಟಾ ಕೇಂದ್ರದ ಎಂಸಿಸಿಯದು (ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ), ನೋಂದಣಿಯೇ ಬೇರೆ. ಮೊದಲ ಸುತ್ತಿನಲ್ಲಿ ಸಿಕ್ಕ ಸೀಟು ಬಿಟ್ಟರೆ ಠೇವಣಿ ಹೋಗುವುದಿಲ್ಲ. ಎರಡನೆಯದರಲ್ಲಿ ಬಿಟ್ಟರೆ ಹೋಗುತ್ತದೆ. ಮೂರನೇ ಸುತ್ತಿನಲ್ಲಿ ಸೇರಿದ ಮೇಲೆ ಬಿಡುವ ಹಾಗಿಲ್ಲ. ರಾಜೀನಾಮೆ ಕೊಡುವಾಗ ಕಾಲೇಜಿನವರು ಎಂಸಿಸಿ ತಾಣದ ಮೂಲಕವೇ ಪತ್ರ ತೆಗೆದು ಕೊಡಬೇಕು. ಬಿಳಿ ಹಾಳೆಯಲ್ಲಿ ಬರೆದುಕೊಟ್ಟು ಬಂದರೆ ದಾಖಲೆಯಲ್ಲಿ ಸೀಟು ನಿಮ್ಮ ಹೆಸರಲ್ಲೇ ಉಳಿದು ಕೆಇಎ ಸುತ್ತಿಗೆ ಅಡ್ಡ ಬರುತ್ತದೆ. ಮೂಲ ದಾಖಲೆಗಳು ದೂರದ ರಾಜ್ಯದ ಕಾಲೇಜಿನಲ್ಲಿ ಸಿಕ್ಕಿಕೊಂಡು ಇಲ್ಲಿ ಸೇರುವ ಕೊನೆಯ ದಿನ ದಾಟಿ ಹೋಗುವುದೂ ಉಂಟು.

ಕಕ್ಕಡ

ಇವೆಲ್ಲ ನಡೆಯುವುದು ಜುಲೈಯಿಂದ ಸೆಪ್ಟೆಂಬರ್‌ವರೆಗೆ, ನಮ್ಮಲ್ಲಿ ಮಳೆ ಹೊಡೆಯುವ ಕಾಲ. ಮರ ಬಿದ್ದು ಕರೆಂಟ್ ಹೋದರೆ ಮೂರು ದಿನ ಬರುವುದಿಲ್ಲ, ಟವರ್‌ನ ಬ್ಯಾಟರಿ ಇಳಿದ ಮೇಲೆ ಮೊಬೈಲೂ ಸತ್ತಂತೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಸಂಪಾಜೆ ರಸ್ತೆಯೇ ಮುಚ್ಚಿತ್ತು. ಕೆಇಎ ಆಯ್ಕೆಗೂ ಶುಲ್ಕಕ್ಕೂ ಕೊಡುವುದು ಎರಡು-ಮೂರು ದಿನ. ಆದ್ದರಿಂದ ಸುತ್ತು ನಡೆಯುವ ವಾರಗಳಲ್ಲಿ ಒಟಿಪಿ ಬರುವ ಫೋನ್ ಸಮೇತ ಮಗು ಮತ್ತು ಒಬ್ಬ ಹಿರಿಯರು ಮೈಸೂರಿನಲ್ಲೋ ಹುಣಸೂರಿನಲ್ಲೋ ನೆಂಟರ ಮನೆಯಲ್ಲಿ ಇರಲಿ. ಮೂಲ ದಾಖಲೆಗಳ ಫೈಲ್ ಪ್ಲಾಸ್ಟಿಕ್ ಚೀಲದಲ್ಲಿ ಜೊತೆಗೇ ಇರಲಿ, ಪ್ರತಿಯೊಂದರ ಐದು ಜೆರಾಕ್ಸ್ ಕೂಡ. ಆಯ್ಕೆಗಳನ್ನು ಕೊನೆಯ ದಿನಕ್ಕೆ ಇಡಬೇಡಿ. ಮೊದಲ ದಿನವೇ ಒಂದು ಪಟ್ಟಿ ತುಂಬಿ ಉಳಿಸಿ, ಆಮೇಲೆ ತಿದ್ದಿ.

ಬ್ಯಾಂಕ್ ಕೌಂಟರ್, ಗೋಣಿಕೊಪ್ಪ

ದುಡ್ಡಿನ ಬಗ್ಗೆ. ಕಾಫಿ ದುಡ್ಡು ಕೈಗೆ ಬರುವುದು ಕೊಯ್ಲಿನ ಮೇಲೆ, ಶುಲ್ಕ ಕಟ್ಟುವುದು ಮಳೆಗಾಲದಲ್ಲಿ. ಸೀಟು ಸಿಕ್ಕ ಮೇಲೆ ಸಾಲಕ್ಕೆ ಓಡಿ ಬಂದರೆ ಎರಡು ದಿನದಲ್ಲಿ ಯಾವ ಬ್ಯಾಂಕೂ ಕೊಡುವುದಿಲ್ಲ. ಮೊದಲ ವರ್ಷದ ಶುಲ್ಕ, ಠೇವಣಿ, ಹಾಸ್ಟೆಲ್ ಮುಂಗಡ ಇಷ್ಟನ್ನು ಮಾರ್ಚ್‌ನಲ್ಲೇ ಬೇರೆ ಖಾತೆಗೆ ಎತ್ತಿಡಿ. ಖಾತೆಯ ದಿನದ ನೆಟ್‌ಬ್ಯಾಂಕಿಂಗ್ ಮಿತಿ ಎಷ್ಟಿದೆ ನೋಡಿ, ಮಿತಿ ಕಡಿಮೆ ಇದ್ದು ಕೊನೆಯ ಸಂಜೆ ಪಾವತಿ ನಿಂತುಹೋಗುವುದು ಆಗಾಗ ಕಾಣುತ್ತದೆ.

ಶಿಕ್ಷಣ ಸಾಲ ಏಳೂವರೆ ಲಕ್ಷದವರೆಗೆ ಸಾಮಾನ್ಯವಾಗಿ ಆಸ್ತಿ ಅಡಮಾನ ಇಲ್ಲದೆ ಆಗುತ್ತದೆ. ಅದರ ಮೇಲೆ ಬೇಕಾದರೆ ಆಸ್ತಿ ಪತ್ರ ಕೇಳುತ್ತಾರೆ. ಜಮ್ಮಾ ಬಾಣೆಯ (ಕೊಡಗಿನ ವಂಶಪಾರಂಪರ್ಯದ ಹಿಡುವಳಿ) ಆರ್‌ಟಿಸಿ ಪಟ್ಟೆದಾರರ (ಮನೆತನದ ಯಜಮಾನರ) ಹೆಸರಲ್ಲಿದ್ದು ಒಕ್ಕದವರ (ಮನೆತನದವರ) ಹೆಸರು ಕೆಳಗಿದ್ದರೆ ಒಬ್ಬರ ಸಹಿಗೆ ಅಡಮಾನ ನಿಲ್ಲುವುದಿಲ್ಲ. ಪಿ ಸೀಟಿನ ಯೋಚನೆ ಇರುವವರು ಬ್ಯಾಂಕಿನ ವಕೀಲರಿಗೆ ದಾಖಲೆಗಳನ್ನು ಜನವರಿಯಲ್ಲೇ ತೋರಿಸಿ, ಆಗುತ್ತದೋ ಇಲ್ಲವೋ ತಿಳಿದುಕೊಳ್ಳಲಿ. ಕೋರ್ಸು ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಲೆಕ್ಕವನ್ನು ಒಂದು ವರ್ಷದ ಶುಲ್ಕಕ್ಕೆ ಹಾಕಬೇಡಿ.

ಗಡಿನಾಡು, ಮಾಕುಟ್ಟ

ಎಂಬಿಬಿಎಸ್ ಸಿಗದಿದ್ದರೆ? ಹೊರದೇಶದ ಏಜೆಂಟರು ಈಗಲೇ ಫೋನ್ ಮಾಡುತ್ತಿದ್ದಾರೆ.

ಜೀವಶಾಸ್ತ್ರ ಉಪನ್ಯಾಸಕಿ

ಹೊರದೇಶಕ್ಕೂ ನೀಟ್ ಅರ್ಹತೆ ಕಡ್ಡಾಯ, ಆ ಅಂಕ ಮೂರು ವರ್ಷ ನಡೆಯುತ್ತದೆ. 2021ರ ನಿಯಮದಂತೆ ಕೋರ್ಸು ಕನಿಷ್ಠ 54 ತಿಂಗಳು, ಇಂಗ್ಲಿಷ್ ಮಾಧ್ಯಮದಲ್ಲಿ, ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್ ಇರಬೇಕು. ವಾಪಸ್ ಬಂದು ಅರ್ಹತಾ ಪರೀಕ್ಷೆ ಪಾಸಾಗಿ ಇಲ್ಲಿ ಮತ್ತೆ 12 ತಿಂಗಳು ಇಂಟರ್ನ್‌ಶಿಪ್ ಮಾಡಬೇಕು. ಇವನ್ನು ಏಜೆಂಟರಿಂದ ಬರಹದಲ್ಲಿ ಕೇಳಿ. ಬರೆದುಕೊಡಲು ಒಪ್ಪದವರಿಗೆ ಮುಂಗಡ ಕೊಡಬೇಡಿ.

ಇಲ್ಲೇ ಇರುವ ದಾರಿಗಳು ಕಡಿಮೆಯಲ್ಲ. ದಂತವೈದ್ಯಕೀಯ, ಆಯುರ್ವೇದಕ್ಕೆ ಅದೇ ನೀಟ್ ಸಾಕು, ವಿರಾಜಪೇಟೆಯಲ್ಲೇ ದಂತ ಕಾಲೇಜಿದೆ. ಪಶುವೈದ್ಯಕೀಯ, ಅರಣ್ಯಶಾಸ್ತ್ರದಂಥ ಕೃಷಿ ವಿಜ್ಞಾನದ ಕೋರ್ಸುಗಳಿಗೆ ಕೃಷಿಕರ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬೇರೆ. ತೋಟದಲ್ಲಿ ಬೆಳೆದ ಮಕ್ಕಳು ಈ ಅವಕಾಶ ಬಿಡಬಾರದು, ಸಿಇಟಿ ಅರ್ಜಿ ತುಂಬುವಾಗಲೇ ಕೃಷಿಕರ ಕೋಟಾ ಬೇಕು ಎಂದು ಗುರುತು ಹಾಕಿ. ಎಂಬಿಬಿಎಸ್‌ಗೆ ಈ ಕೋಟಾ ಇಲ್ಲ.

ಮತ್ತೊಮ್ಮೆ ಬರೆಯಬೇಕೆಂದರೆ ನೀಟ್‌ಗೆ ಸಲದ ಮಿತಿಯೂ ಇಲ್ಲ, ಗರಿಷ್ಠ ವಯಸ್ಸೂ ಇಲ್ಲ. ಆದರೆ ತೀರ್ಮಾನ ಮಗುವಿನಿಂದ ಬರಲಿ. ಭೌತಶಾಸ್ತ್ರದ ಅಂಕ ಎಲ್ಲಿ ಕಡಿಮೆಯಾಯಿತು ಎಂದು ತಾನೇ ಹೇಳಬಲ್ಲ ಮಗುವಿಗೆ ಇನ್ನೊಂದು ವರ್ಷ ಉಪಯೋಗವಾಗುತ್ತದೆ.

ಕಿತ್ತಳೆತೋಟ, ಸಿದ್ದಾಪುರ

ಎಸ್ಸೆಸ್ಸೆಲ್ಸಿ ಕಾರ್ಡು, ಆಧಾರ್, ಆರ್‌ಡಿ ಪತ್ರ ಮೂರನ್ನೂ ಮುಂದಿಟ್ಟು ನೋಡಿದೆ, ಆರ್‌ಡಿಯಲ್ಲಿ ಮನೆಹೆಸರಿನ ಒಂದು ಅಕ್ಷರ ಬೇರೆ ಇದೆ. ತಿದ್ದಿಸುವುದೋ, ಹೊಸದಕ್ಕೇ ಹಾಕುವುದೋ?

ಶಿರಸ್ತೇದಾರ್, ನಿವೃತ್ತ

ಹೊಸದಕ್ಕೇ ಹಾಕಿ ಅಮ್ಮ. ಅರ್ಜಿಯ ಜೊತೆ ಎಸ್ಸೆಸ್ಸೆಲ್ಸಿ ಕಾರ್ಡಿನ ಪ್ರತಿ ಇಟ್ಟು, ಹೆಸರನ್ನು ಅದರಲ್ಲಿರುವಂತೆಯೇ ಅಕ್ಷರ ಅಕ್ಷರ ಹೇಳಿ ಬರೆಸಿ. ಕನ್ನಡದಲ್ಲಿಯೂ ಇಂಗ್ಲಿಷ್‌ನಲ್ಲಿಯೂ ಪರದೆಯ ಮೇಲೆ ಓದಿ ನೋಡಿದ ಮೇಲೆಯೇ ಸಲ್ಲಿಸಲು ಹೇಳಿ. ಹೊಸ ಸಂಖ್ಯೆ ಬಂದ ಮೇಲೆ ಹಳೆಯದನ್ನು ಎಲ್ಲಿಯೂ ಬಳಸಬೇಡಿ.